ಗದ್ದಿ ನಾಯಿಮರಿಯನ್ನು ಮಂದೆಯ ಕಾವಲಿಗೆ ಬೆಳೆಸುವುದು ಹೇಗೆ

ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಊರಿನಿಂದ ಫೋನ್ ಶುರುವಾಗುತ್ತದೆ. "ಹಿಮಾಚಲಕ್ಕೆ ಟ್ರೆಕ್ಕಿಂಗ್ ಬರ್ತಿದೀವಿ. ವಾಪಸ್ ಬರುವಾಗ ಆ ದೊಡ್ಡ ಕರಿ ನಾಯಿಯ ಒಂದು ಮರಿ ಕೊಡಿಸ್ತೀರಾ?" ನಾನು ಯಾರಿಗೂ ಒಮ್ಮೆಗೇ ಇಲ್ಲ ಅನ್ನುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಹತ್ತಿರ ಎಷ್ಟು ಕುರಿ ಇವೆ?"

ಈ ಪ್ರಶ್ನೆಯನ್ನು ಸುಮ್ನೆ ಕೇಳುವುದಿಲ್ಲ. ಗದ್ದಿ ನಾಯಿ ಅಂದರೆ ಹಿಮಾಚಲದ ಗದ್ದಿ ಅನ್ನುವ ಕುರಿಗಾಹಿ ಸಮುದಾಯದ ಕಾವಲು ನಾಯಿ. ಅದನ್ನು ಅರ್ಧ ಬೆಳೆಸುವವರು ನಾವು, ಉಳಿದ ಅರ್ಧ ಬೆಳೆಸುವುದು ಮಂದೆ. ನಾಲ್ಕು ತಿಂಗಳು ತುಂಬುವುದರೊಳಗೆ ಆ ಮರಿ ಕುರಿ, ಆಡುಗಳ ನಡುವೆ ಮಲಗಿ ಏಳಬೇಕು. ಅವುಗಳ ವಾಸನೆ ಮೈಗೆ ಹತ್ತಬೇಕು. ಆ ಕಾಲ ಮುಗಿದ ಮೇಲೆ ಎಷ್ಟೇ ಕಷ್ಟಪಟ್ಟರೂ ಆ ಪಾಠ ಪೂರ್ತಿ ಕೂರುವುದಿಲ್ಲ.

ನಾನು ಇದನ್ನು ತಪ್ಪು ಮಾಡಿಯೇ ಕಲಿತೆ. ನಾನು ಬಾಗಲಕೋಟೆ ಜಿಲ್ಲೆಯವನು. ಅಜ್ಜನ ಕಾಲದಲ್ಲಿ ಮನೆಯಲ್ಲಿ ಕುರಿ ಇದ್ದವು. ಸೈನ್ಯಕ್ಕೆ ಸೇರಿದೆ, ಕೊನೆಯ ಪೋಸ್ಟಿಂಗ್ ಕಾಂಗ್ಡಾ ಜಿಲ್ಲೆಯಲ್ಲಿ ಆಯಿತು, ಇಲ್ಲೇ ಮದುವೆಯೂ ಆಯಿತು. ಹೆಂಡತಿ ಗದ್ದಿ ಕುಟುಂಬದವಳು. ಈಗ ಪಾಲಂಪುರದ ಮೇಲಿನ ಒಂದು ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಮಂದೆ ಇದೆ. 40 ಕುರಿ, 22 ಆಡು. ಮಾವನ ದೊಡ್ಡ ಮಂದೆ ಇವತ್ತಿಗೂ ಬೇಸಿಗೆಯಲ್ಲಿ ಜೋತ್ ದಾಟಿ ಹೋಗುತ್ತದೆ. ಇಲ್ಲಿನವರು ಬೆಟ್ಟದ ಕಣಿವೆದಾರಿಯನ್ನು ಜೋತ್ ಅನ್ನುತ್ತಾರೆ.

ಮಂದೆ ಕಟ್ಟಿದ ಮೊದಲ ವರ್ಷ ನಾನೇ ಹೋಗಿ ಒಂದು ನಾಯಿ ತಂದೆ. ಐದು ತಿಂಗಳ ಗಂಡು. ರಸ್ತೆ ಬದಿಯ ಒಂದು ಚಹಾ ಅಂಗಡಿಯಲ್ಲಿ, ಮಕ್ಕಳ ಜೊತೆ ಆಡಿಕೊಂಡು ಬೆಳೆದಿತ್ತು. ಕಪ್ಪು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಹುಲಿಯಂಥ ಪಂಜ. ರಾಜಾ ಅಂತ ಹೆಸರಿಟ್ಟೆವು. ಮೂರನೇ ವಾರ ರಾಜಾ ಒಂದು ಕುರಿಮರಿಯನ್ನು ಅಟ್ಟಿಸಿಕೊಂಡು ಹೋದ. ಕಚ್ಚುವ ಉದ್ದೇಶ ಇರಲಿಲ್ಲ, ಆಟ ಅಷ್ಟೇ. ಮರಿ ಹೆದರಿ ಓಡಿ ಕಲ್ಲಿನ ಪಾಗಾರದಿಂದ ಬಿದ್ದು ಸತ್ತಿತು. ನಾನು ನಾಯಿಗೆ ಹೊಡೆಯಲು ಹೋದಾಗ ಮಾವ ಕೈ ಹಿಡಿದರು. "ಇವನಿಗೆ ಕುರಿ ಅಂದರೆ ಚೆಂಡು. ಬೇರೆ ಏನು ಅಂತ ಯಾರೂ ಹೇಳಿಕೊಟ್ಟಿಲ್ಲ" ಅಂದರು. ರಾಜಾ ಆಮೇಲೆ ನಮ್ಮ ಮನೆಯ ಅಂಗಳ ಕಾಯ್ದುಕೊಂಡು ಚೆನ್ನಾಗಿಯೇ ಬದುಕಿದ. ಮಂದೆಗೆ ಮಾತ್ರ ಬರಲಿಲ್ಲ.

ಮುಂದಿನ ಮರಿ ಭೂರಿ. ಅದನ್ನು ಮಾವ ಹೇಳಿದ ಹಾಗೆ ಬೆಳೆಸಿದೆ. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಭೂರಿಯಿಂದ ಮತ್ತು ಅವಳ ನಂತರ ಬಂದ ಎರಡು ನಾಯಿಗಳಿಂದ ಕಲಿತದ್ದು.

ಈ ನಾಯಿ ಎಲ್ಲಿಯದು

ಗದ್ದಿಗಳ ಮೂಲ ನೆಲ ಚಂಬಾ ಜಿಲ್ಲೆಯ ಭರ್ಮೌರ್. ಧೌಲಾಧಾರ್ ಬೆಟ್ಟಸಾಲಿನ ಈಚೆ, ಕಾಂಗ್ಡಾದಲ್ಲೂ ತುಂಬಾ ಜನ ಇದ್ದಾರೆ. ಶಿವನ ಭಕ್ತರು. ಗಂಡಸರು ಚೋಲಾ ಅನ್ನುವ ಉಣ್ಣೆಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಡೋರಾ ಅನ್ನುವ ಕರಿ ಉಣ್ಣೆಯ ಹಗ್ಗವನ್ನು ಸುತ್ತಿ ಸುತ್ತಿ ಕಟ್ಟುತ್ತಾರೆ. ದಾರಿಯಲ್ಲಿ ಹುಟ್ಟಿದ ಕುರಿಮರಿಯನ್ನು ಆ ಚೋಲಾದೊಳಗೆ ಎದೆಗೆ ಅವಚಿಕೊಂಡು ನಡೆಯುತ್ತಾರೆ. ಮಂದೆಗೆ ಅವರು ಹೇಳುವ ಮಾತು 'ಧನ್'. ನಮ್ಮ ಕಡೆ ದನ ಅನ್ನುತ್ತೇವಲ್ಲ, ಕೇಳಿದಾಗ ನನಗೆ ಅದೇ ನೆನಪಾಯಿತು.

ಚಳಿಗಾಲದಲ್ಲಿ ಧನ್ ಕಾಂಗ್ಡಾ, ಊನಾ, ಬಿಲಾಸ್‌ಪುರದ ತಗ್ಗು ಗುಡ್ಡಗಳಲ್ಲಿ ಇರುತ್ತದೆ. ಹಿಮ ಕರಗಿದ ಹಾಗೆ ಮೇಲೇರುತ್ತದೆ. ಜಾಲ್ಸು ಜೋತ್, ಇಂದ್ರಹಾರ್ ಜೋತ್ ಹೀಗೆ ಯಾವುದೋ ಒಂದನ್ನು ದಾಟಿ ರಾವಿ ನದಿಯ ಕಡೆಗೆ ಇಳಿಯುತ್ತದೆ. ಕೆಲವರು ಅಲ್ಲಿಂದ ಕುಗ್ತಿ ಜೋತ್ ಹತ್ತಿ ಲಾಹೌಲ್‌ಗೆ ಹೋಗುತ್ತಾರೆ. ಇಂದ್ರಹಾರ್ ಒಂದೇ 4,342 ಮೀಟರ್ ಎತ್ತರ. ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಇಳಿಯುವ ದಾರಿ.

ಈ ನಡಿಗೆಯೇ ನಾಯಿಯನ್ನು ಮಾಡಿದ್ದು. ಯಾವ ಕೆನಲ್ ಕ್ಲಬ್ಬೂ ಕೂತು ಬಣ್ಣ, ಕಿವಿ ಅಳೆದು ತಳಿ ಕಟ್ಟಲಿಲ್ಲ. ಕುರಿಮರಿ ಕಚ್ಚಿದ ನಾಯಿಗೆ ಡೇರೆಯಲ್ಲಿ ರೊಟ್ಟಿ ಸಿಗಲಿಲ್ಲ. ಚಿರತೆ ಬಂದಾಗ ಕುರಿಗಾಹಿಯ ಕಾಲ ಹಿಂದೆ ಅಡಗಿದ ನಾಯಿಯ ಮರಿಯನ್ನು ಯಾರೂ ಕೇಳಲಿಲ್ಲ. ಹಿಮದಲ್ಲಿ ಜೋತ್ ದಾಟಲಾಗದ್ದು ಉಳಿಯಲಿಲ್ಲ. ಉಳಿದವುಗಳ ಮರಿಗಳೇ ಇವತ್ತಿನ ಗದ್ದಿ ನಾಯಿ. ದೊಡ್ಡ ತಲೆ, ಕೇಸರದ ಹಾಗೆ ಕೂದಲು ತುಂಬಿದ ದಪ್ಪ ಕುತ್ತಿಗೆ, ಬೆನ್ನಿನ ಮೇಲೆ ಬಾಗಿದ ಪೊದೆ ಬಾಲ ನೋಡಿದರೆ ಬೆಟ್ಟದ ಆಚೆಯ ಟಿಬೆಟಿನ ನಾಯಿಗಳ ನೆಂಟಸ್ತಿಕೆ ಕಾಣುತ್ತದೆ. ಹೆಚ್ಚಿನವು ಕಪ್ಪು, ಎದೆ, ಕುತ್ತಿಗೆ ಮತ್ತು ಬೆರಳುಗಳ ಹತ್ತಿರ ಬಿಳಿ. ಕಂದು ಬಣ್ಣದವೂ ಇವೆ. ನಮ್ಮ ಭೂರಿ ಕಂದು, ಅದಕ್ಕೇ ಆ ಹೆಸರು.

2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಿತು. ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ಜೊತೆಗೆ ನಮ್ಮ ಮುಧೋಳ. ಆ ಚೀಟಿಗಳನ್ನು ನಾನು ಫ್ರೇಮ್ ಹಾಕಿಸಿ ಇಟ್ಟಿದ್ದೇನೆ. ಆಮೇಲೆ 2025ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ದೇಶಿ ತಳಿಗಳ ಪಟ್ಟಿಯಲ್ಲಿ ಗದ್ದಿ ನಾಯಿ ಸೇರಿದ ಸುದ್ದಿ ಬಂತು. ಹಿಮಾಲಯದ ನಾಯಿಗಳಲ್ಲಿ ಇದೇ ಮೊದಲನೆಯದು. ಇದಕ್ಕಿಂತ ಮುಂಚೆ ಆ ಪಟ್ಟಿಯಲ್ಲಿ ಇದ್ದ ಮೂರು ಅಂದರೆ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ. ಹುಟ್ಟಿದ ಜಿಲ್ಲೆಯ ನಾಯಿ, ಬದುಕುತ್ತಿರುವ ಜಿಲ್ಲೆಯ ನಾಯಿ ಎರಡೂ ಒಂದೇ ಪಟ್ಟಿಯಲ್ಲಿ! ಅವತ್ತು ಮನೆಯಲ್ಲಿ ಸಿಹಿ ಮಾಡಿಸಿದೆ.

ಆದರೆ ಎರಡೂ ಪೂರ್ತಿ ಬೇರೆ ಕೆಲಸದ ನಾಯಿಗಳು. ಮುಧೋಳ ಕಣ್ಣಿನಿಂದ ಬೇಟೆ ಹಿಡಿದು ಬಾಣದ ಹಾಗೆ ಓಡುತ್ತದೆ. ಗದ್ದಿ ನಾಯಿ ನಿಂತ ಜಾಗ ಬಿಡುವುದಿಲ್ಲ.

ಅದು ಮಾಡುವ ಕೆಲಸ

ಕುರಿನಾಯಿ ಅಂದ ತಕ್ಷಣ ಟಿವಿಯಲ್ಲಿ ನೋಡಿದ ಬಾರ್ಡರ್ ಕೋಲಿ ನೆನಪಾಗುತ್ತದೆ, ಅಲ್ವಾ? ಕುರಿಗಳನ್ನು ಸುತ್ತುವರಿದು ದಿಟ್ಟಿಸಿ ನೋಡಿ ದೊಡ್ಡಿಗೆ ತಳ್ಳುವ ನಾಯಿ. ಗದ್ದಿ ನಾಯಿಯ ಮುಖ್ಯ ಕೆಲಸ ಅದಲ್ಲ. ಇಲ್ಲಿ ಮಂದೆಯನ್ನು ನಡೆಸುವುದು ಕುರಿಗಾಹಿಯ ಶಿಳ್ಳೆ. ನಾಯಿ ಮಂದೆಯ ಒಳಗೇ ಇರುತ್ತದೆ, ಹಗಲು ಅದು ಮಲಗಿರುವುದೇ ಜಾಸ್ತಿ. ನೋಡಿದವರು ಸೋಮಾರಿ ಅಂದುಕೊಳ್ಳುತ್ತಾರೆ.

ಕತ್ತಲಾದ ಮೇಲೆ ನೋಡಬೇಕು. ಮಂದೆಯ ಸುತ್ತ ಒಂದು ದೊಡ್ಡ ಸುತ್ತು ಹಾಕುತ್ತದೆ, ಕಲ್ಲು, ಪೊದೆಗೆ ಮೂತ್ರದ ಗುರುತು ಹಾಕುತ್ತದೆ, ಎತ್ತರದ ಜಾಗ ಹಿಡಿದು ಕೂರುತ್ತದೆ. ಗಾಳಿಯಲ್ಲಿ ಏನಾದರೂ ಬಂದರೆ ಮೊದಲು ಬೊಗಳುತ್ತದೆ. ಆಮೇಲೆ ಮಂದೆಗೂ ಆ ವಾಸನೆಗೂ ನಡುವೆ ಹೋಗಿ ನಿಲ್ಲುತ್ತದೆ. ಚಿರತೆ, ಕರಡಿ ಹೆಚ್ಚಿನ ಸಲ ಅಲ್ಲಿಗೇ ತಿರುಗಿ ಹೋಗುತ್ತವೆ. ಕಚ್ಚಾಟದವರೆಗೆ ಹೋಗುವುದು ಅಪರೂಪ. ಹಾಗಾಗಿ ಒಳ್ಳೆಯ ಕಾವಲು ನಾಯಿಯ ಬಹುಪಾಲು ಕೆಲಸ ನಮಗೆ ಕಾಣಿಸುವುದೇ ಇಲ್ಲ. ಬೆಳಿಗ್ಗೆ ಎಣಿಸಿದಾಗ ಲೆಕ್ಕ ಸರಿ ಇರುತ್ತದೆ, ಅಷ್ಟೇ.

ಇದರಿಂದ ಕಾಡುಪ್ರಾಣಿಗೂ ಉಳಿವು ಇದೆ. ಚಿರತೆಯನ್ನು ಕೊಲ್ಲುವುದು ಕಾನೂನಿನ ಪ್ರಕಾರ ದೊಡ್ಡ ಅಪರಾಧ. ಆದರೂ ಮಂದೆ ಕಳೆದುಕೊಂಡವನ ಹೊಟ್ಟೆ ಉರಿಯುತ್ತದೆ, ಸತ್ತ ಕುರಿಗೆ ವಿಷ ಹಾಕುವ ಯೋಚನೆ ಬರುತ್ತದೆ. ನಾಯಿ ಚೆನ್ನಾಗಿದ್ದರೆ ಆ ರಾತ್ರಿಯೇ ಬರುವುದಿಲ್ಲ.

1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಟರ್ಕಿ, ಇಟಲಿ, ಯುಗೊಸ್ಲಾವಿಯಾದ ಇಂಥ ಕಾವಲು ನಾಯಿಗಳನ್ನು ತರಿಸಿ ರೈತರಿಗೆ ಕೊಟ್ಟು ಅಭ್ಯಾಸ ಮಾಡಿದರು. ಒಳ್ಳೆಯ ಕಾವಲು ನಾಯಿಗೆ ಮೂರು ಗುಣ ಬೇಕು ಅಂದರು: ಮಂದೆಯ ಜೊತೆ ಬಿಡದೆ ಇರಬೇಕು, ಮಂದೆಗೆ ತೊಂದರೆ ಕೊಡಬಾರದು, ಹೊರಗಿನದನ್ನು ತಡೆಯಬೇಕು. ನಾನು ಇದನ್ನು ಓದಿ ಮಾವನಿಗೆ ಹೇಳಿದೆ. ಅವರು "ಮೂರನೆಯದು ರಕ್ತದಲ್ಲೇ ಬರುತ್ತದೆ, ಮೊದಲೆರಡನ್ನು ನೀನು ಕಲಿಸಬೇಕು" ಅಂದರು.

ಮರಿ ಆರಿಸುವುದು

ಮರಿಗಿಂತ ಮೊದಲು ತಾಯಿಯನ್ನು ನೋಡಿ. ಹಗಲಲ್ಲಿ ಅಲ್ಲ, ಸಂಜೆ. ಸಾಧ್ಯವಾದರೆ ಒಂದು ರಾತ್ರಿ ಡೇರೆಯ ಹತ್ತಿರ ಉಳಿಯಿರಿ. ತಾಯಿ ಕುರಿಗಳ ನಡುವೆ ಹೇಗೆ ನಡೆಯುತ್ತದೆ ಗಮನಿಸಿ. ತಲೆ ತಗ್ಗಿಸಿ, ಕಣ್ಣು ಪಕ್ಕಕ್ಕೆ ತಿರುಗಿಸಿ, ಬಾಲ ಇಳಿಸಿ ನಿಧಾನ ನಡೆದರೆ ಅದು ಬಂಗಾರದ ನಾಯಿ. ಕುರಿಮರಿ ಅದರ ಬೆನ್ನಿಗೆ ಒರಗಿ ಮಲಗಿದ್ದರೆ ಇನ್ನೇನೂ ಕೇಳಬೇಡಿ.

ಮರಿಯನ್ನು ಎಂಟು ವಾರಕ್ಕೆ ಮೊದಲು ತರಬೇಡಿ. ನಾಲ್ಕು ವಾರದ್ದನ್ನು ಎತ್ತಿಕೊಂಡು ಹೋಗುವವರನ್ನು ನೋಡಿದ್ದೇನೆ, ಕರುಳು ಚುರುಕ್ ಅನ್ನುತ್ತದೆ. ತಾಯಿ, ಒಡಹುಟ್ಟಿದ ಮರಿಗಳ ಜೊತೆಯೇ ಅದು ಎಷ್ಟು ಗಟ್ಟಿ ಕಚ್ಚಬಾರದು ಅಂತ ಕಲಿಯುವುದು. ಗುಂಪಿನಲ್ಲಿ ಎಲ್ಲಕ್ಕಿಂತ ಮುಂದೆ ನುಗ್ಗಿ ಪ್ಯಾಂಟು ಎಳೆಯುವ ಮರಿ ಎಲ್ಲರಿಗೂ ಇಷ್ಟ ಆಗುತ್ತದೆ. ಮಂದೆಗೆ ಅದು ಬೇಡ. ಮೂಲೆಯಲ್ಲಿ ನಡುಗುವುದೂ ಬೇಡ. ಸ್ವಲ್ಪ ನೋಡಿ, ಯೋಚಿಸಿ, ಆಮೇಲೆ ಹತ್ತಿರ ಬಂದು ಮೂಸುವ ಮರಿ ತಗೊಳ್ಳಿ. ಗಂಡೋ ಹೆಣ್ಣೋ ಅನ್ನುವುದು ಕಾವಲಿಗೆ ಅಷ್ಟು ಮುಖ್ಯವಲ್ಲ.

ಒಂದೇ ಸೂಲಿನ ಎರಡು ಮರಿ ಒಟ್ಟಿಗೆ ತರಬೇಡಿ. ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕುರಿಯನ್ನು ಮರೆಯುತ್ತವೆ. ಎರಡು ನಾಯಿ ಬೇಕಾದರೆ, ಖಂಡಿತ ಬೇಕು, ಮೊದಲನೆಯದಕ್ಕೆ ಎರಡು ವರ್ಷ ಆದ ಮೇಲೆ ಎರಡನೆಯದನ್ನು ತನ್ನಿ. ದೊಡ್ಡದು ನಿಮಗಿಂತ ಚೆನ್ನಾಗಿ ಕಲಿಸುತ್ತದೆ.

ಎಂಟರಿಂದ ಹದಿನಾರು ವಾರ

ಎಲ್ಲವೂ ಈ ಎಂಟು ವಾರಗಳಲ್ಲಿ ಇದೆ. ಉಳಿದ ಯಾವ ಕೆಲಸವನ್ನಾದರೂ ಮುಂದೆ ಹಾಕಿ, ಇದನ್ನು ಮುಂದೆ ಹಾಕಬೇಡಿ.

ಮರಿ ಬಂದ ದಿನವೇ ದೊಡ್ಡಿಗೆ ಒಯ್ಯಿರಿ. ಮನೆಯ ಜಗಲಿಯಲ್ಲಿ ಒಂದು ರಾತ್ರಿಯೂ ಬೇಡ. ಮೊದಲ ರಾತ್ರಿ ಅಳುತ್ತದೆ. ನನ್ನ ಹೆಂಡತಿ ಭೂರಿಯ ಅಳು ಕೇಳಲಾರದೆ ಕಂಬಳಿ ತೆಗೆದುಕೊಂಡು ಹೋಗಿ ದೊಡ್ಡಿಯಲ್ಲೇ ಅದರ ಪಕ್ಕ ಮಲಗಿದಳು. ಅದು ಸರಿಯಾದ ದಾರಿ. ನೀವು ಅಲ್ಲಿಗೆ ಹೋಗಿ, ಅದನ್ನು ಇಲ್ಲಿಗೆ ತರಬೇಡಿ.

ದೊಡ್ಡಿಯ ಒಂದು ಮೂಲೆಯನ್ನು ಪಟ್ಟಿ ಹೊಡೆದು ಬೇರೆ ಮಾಡಿ. ಪಟ್ಟಿಗಳ ನಡುವೆ ನಾಯಿಮರಿ ಮಾತ್ರ ನುಸುಳುವಷ್ಟು ಒಂದು ಕಿಂಡಿ ಇರಲಿ. ಕುರಿ ಗುದ್ದಲು ಬಂದರೆ ಅದು ಅಲ್ಲಿಗೆ ಓಡಿ ಬಚಾವಾಗಬೇಕು. ಊಟ, ನೀರು ಆ ಮೂಲೆಯಲ್ಲೇ. ಹೊರಗಿನ ಭಾಗದಲ್ಲಿ ಹಾಲು ಬಿಟ್ಟ ನಾಲ್ಕೈದು ಕುರಿಮರಿ, ಆಡಿನ ಮರಿಗಳನ್ನು ಬಿಡಿ. ಸಾಧು ಸ್ವಭಾವದವು ಇರಲಿ. ಟಗರು ಬೇಡ. ಈಗಷ್ಟೇ ಈದ ತಾಯಿಕುರಿಯಂತೂ ಬೇಡವೇ ಬೇಡ. ಅದು ಮರಿಯ ಪಕ್ಕೆಲುಬು ಮುರಿಯುವ ಹಾಗೆ ಗುದ್ದುತ್ತದೆ, ಆ ಹೆದರಿಕೆ ನಾಯಿಯ ಮನಸ್ಸಿನಿಂದ ಹೋಗುವುದಿಲ್ಲ. ಆಡು ಇದ್ದರೆ ಒಳ್ಳೆಯದು. ಆಡುಗಳು ತಾವಾಗಿಯೇ ಬಂದು ಮೂಸುತ್ತವೆ, ಕುರಿಗಳು ದೂರ ನಿಂತು ನೋಡುತ್ತವೆ.

ಮೊದಲ ವಾರ ಕಾಣುವುದು ಏನೂ ಇಲ್ಲ. ಎರಡನೇ, ಮೂರನೇ ವಾರದ ಹೊತ್ತಿಗೆ ನಾಯಿಮರಿ ಕುರಿಮರಿಯ ಬಾಯಿ ನೆಕ್ಕುತ್ತದೆ. ತಮ್ಮ ದೊಡ್ಡವರಿಗೆ ಮರಿಗಳು ಮರ್ಯಾದೆ ತೋರಿಸುವ ರೀತಿ ಅದು. ಇದನ್ನು ಕಂಡ ದಿನ ನನಗೆ ಕಣ್ಣು ತುಂಬಿತು. ಆಮೇಲೆ ಒಂದು ಚಳಿಯ ಬೆಳಿಗ್ಗೆ ಹೋಗಿ ನೋಡಿದರೆ ಭೂರಿ ತನ್ನ ಮೂಲೆಯಲ್ಲಿ ಇರಲಿಲ್ಲ. ಮೂರು ಆಡಿನ ಮರಿಗಳ ನಡುವೆ, ಉಂಡೆಯಾಗಿ, ಮೂಗು ಒಂದರ ಹೊಟ್ಟೆಯ ಕೆಳಗೆ ತೂರಿಸಿ ಮಲಗಿದ್ದಳು.

ಮನುಷ್ಯರ ಸ್ಪರ್ಶ ಪೂರ್ತಿ ಬಿಡಬೇಡಿ. ಇದು ಕೆಲವರು ಮಾಡುವ ಎರಡನೇ ತಪ್ಪು. ಮಂದೆಗೆ ಅಂಟಲಿ ಅಂತ ಮುಟ್ಟದೆ ಬೆಳೆಸಿದರೆ, ದೊಡ್ಡದಾದ ಮೇಲೆ ಗಾಯಕ್ಕೆ ಮದ್ದು ಹಚ್ಚಲು, ಸೂಜಿ ಚುಚ್ಚಲು ಹಿಡಿಯುವುದೇ ಆಗುವುದಿಲ್ಲ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ದೊಡ್ಡಿಯ ಒಳಗೇ ಕೂತು ಮೈ ಸವರಿ. ಪಂಜ ಎತ್ತಿ ನೋಡಿ, ಕಿವಿ ಬಿಚ್ಚಿ ನೋಡಿ, ಬಾಯಿ ತೆರೆಸಿ. ಹೆಸರು ಕರೆದರೆ ಬರುವುದು, ಹಗ್ಗ ಕಟ್ಟಿದರೆ ಸುಮ್ಮನೆ ನಿಲ್ಲುವುದು, 'ಬಿಡು' ಅಂದರೆ ಬಿಡುವುದು. ಇಷ್ಟು ಸಾಕು. ಚೆಂಡು ಎಸೆದು ಆಡಿಸಬೇಡಿ, ಓಡುವುದರ ಹಿಂದೆ ಓಡುವ ಆಟ ಯಾವುದೂ ಬೇಡ.

ಐದು ತಿಂಗಳಿಂದ ಒಂದೂವರೆ ವರ್ಷ

ಈಗ ಮರಿ ನಿಮ್ಮ ನಂಬಿಕೆ ಅಲ್ಲಾಡಿಸುತ್ತದೆ. ಎಂಟು ತಿಂಗಳಲ್ಲಿ ಭೂರಿ ಕುರಿಯ ಉಣ್ಣೆ ಕಿತ್ತಳು, ಒಂದು ಆಡಿನ ಕಿವಿಯ ತುದಿ ಅಗಿದಳು. ಕೆಟ್ಟಿತು ಅಂದುಕೊಂಡೆ. ಮಾವ ಹತ್ತಿರದ ಒಂದು ಮರದ ತುಂಡು ತಂದು ಕೊರಳಿಗೆ ಹಗ್ಗದಲ್ಲಿ ಇಳಿಬಿಟ್ಟರು. ನಡೆಯಲು ತೊಂದರೆ ಇಲ್ಲ, ಓಡಲು ಹೋದರೆ ಮೊಣಕಾಲಿಗೆ ತಾಗುತ್ತದೆ. ಸಣ್ಣ ಮರಿಗಳನ್ನು ಬೇರೆ ಮಾಡಿ ಅವಳನ್ನು ಹಳೆಯ ಗಟ್ಟಿ ಕುರಿಗಳ ಜೊತೆ ಬಿಟ್ಟೆವು. ಅವು ಎರಡು ಸಲ ಗುದ್ದಿದವು. ಅಟ್ಟುವುದು ಒಂದು ತಿಂಗಳಲ್ಲಿ ಕಡಿಮೆಯಾಯಿತು.

ಅಟ್ಟಿಸಿದ್ದನ್ನು ಕಂಡ ಆ ಕ್ಷಣದಲ್ಲೇ ಗಟ್ಟಿಯಾಗಿ ಗದರಿ, ಎಳೆದು ಕಟ್ಟಿ, ಹತ್ತು ನಿಮಿಷ ಬಿಟ್ಟು ಬಿಡಿ. ಗಂಟೆ ಕಳೆದ ಮೇಲೆ ಬೈದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ಹೊಡೆಯಬೇಡಿ. ಕುರಿಯ ಹತ್ತಿರ ಏಟು ತಿಂದ ನಾಯಿ ಕುರಿಯಿಂದಲೇ ದೂರ ಹೋಗುತ್ತದೆ. ಈಯುವ ಕಾಲದಲ್ಲಿ ಈ ವಯಸ್ಸಿನ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ನಿಮ್ಮ ಕಣ್ಣೆದುರು ಇರಲಿ. ಈದ ಕುರಿಯ ಕಸ (ಮಾಸು) ತಿಂದರೆ ಗಾಬರಿ ಬೇಡ, ಅದು ಜಾಗ ಶುಚಿ ಮಾಡುವ ರೀತಿ. ಹುಟ್ಟಿದ ಮರಿಯನ್ನು ಜಾಸ್ತಿ ನೆಕ್ಕಿ ತಾಯಿಯಿಂದ ದೂರ ಮಾಡಿದರೆ ಮಾತ್ರ ತಡೆಯಿರಿ.

ಒಂದೂವರೆ, ಎರಡು ವರ್ಷಕ್ಕೆ ನಾಯಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಮರಿ ಅಂತಲೇ ಲೆಕ್ಕ ಹಾಕಿ, ಮೈ ಎಷ್ಟೇ ದೊಡ್ಡದಿರಲಿ.

ಊಟ, ಹುಳು, ಸೂಜಿ

ಡೇರೆಯಲ್ಲಿ ನಾಯಿಗೆ ಸಿಗುವುದು ಮೆಕ್ಕೆಜೋಳದ ರೊಟ್ಟಿ, ಮಜ್ಜಿಗೆ ಅಥವಾ ಆಡಿನ ಹಾಲು. ದೊಡ್ಡ ನಾಯಿ ಅದರಲ್ಲೇ ಬದುಕುತ್ತದೆ, ಬೆಳೆಯುವ ಮರಿಗೆ ಸಾಲದು. ನಾನು ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸ ಸೇರಿಸುತ್ತೇನೆ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಬೇಗ ದೊಡ್ಡದಾಗಲಿ ಅಂತ ತುಂಬಿ ತುಂಬಿ ಹಾಕಬೇಡಿ, ಕ್ಯಾಲ್ಸಿಯಂ ಪುಡಿ ನೀವಾಗಿಯೇ ಕೊಡಬೇಡಿ. ದೊಡ್ಡ ಜಾತಿಯ ಮರಿಗೆ ಅದರಿಂದ ಮೂಳೆ, ಕೀಲು ಕೆಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ ಬೇಡ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸತ್ತ ಅಥವಾ ಕಡಿದ ಕುರಿಯ ಹಸಿ ತಲೆ, ಯಕೃತ್ತು, ಶ್ವಾಸಕೋಶವನ್ನು ನಾಯಿಗೆ ಎಸೆಯಬೇಡಿ. ಕುರಿಯ ಮೆದುಳಿನಲ್ಲಿ ನೀರುಗುಳ್ಳೆಯ ಹಾಗೆ ಒಂದು ಲಾಡಿಹುಳುವಿನ ಮರಿ ಇರುತ್ತದೆ. ನಾಯಿ ಅದನ್ನು ತಿಂದರೆ ಹೊಟ್ಟೆಯಲ್ಲಿ ಹುಳು ಬೆಳೆದು, ಮಲದಲ್ಲಿ ಮೊಟ್ಟೆ ಹೊರಬೀಳುತ್ತದೆ. ಆ ಮೊಟ್ಟೆ ಬಿದ್ದ ಹುಲ್ಲನ್ನು ಮೇಯ್ದ ಕುರಿಯ ಮೆದುಳಿಗೆ ಹುಳು ಮತ್ತೆ ಸೇರುತ್ತದೆ. ಕುರಿ ತಲೆ ವಾಲಿಸಿ ಒಂದೇ ಕಡೆಗೆ ಗಿರಗಿರ ಸುತ್ತುತ್ತದೆ, ಕೊನೆಗೆ ಸಾಯುತ್ತದೆ. ಯಕೃತ್ತು, ಶ್ವಾಸಕೋಶದ ಗುಳ್ಳೆಯಿಂದ ಬರುವ ಇನ್ನೊಂದು ಸಣ್ಣ ಹುಳು ಮನುಷ್ಯರಿಗೂ ಹತ್ತುತ್ತದೆ. ಹೊಟ್ಟೆಯೊಳಗೆ ವರ್ಷಗಟ್ಟಲೆ ಗುಳ್ಳೆ ಬೆಳೆದು ಆಪರೇಷನ್‌ವರೆಗೆ ಹೋಗುತ್ತದೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬರಿಗೆ ಹಾಗೇ ಆಯಿತು.

ತಡೆಯುವುದು ಸುಲಭ. ಹಸಿ ಅಂಗಾಂಗ ಹೂಳಿ ಇಲ್ಲವೇ ಚೆನ್ನಾಗಿ ಬೇಯಿಸಿ. ನಾಯಿಗೆ ಪ್ರಾಜಿಕ್ವಾಂಟೆಲ್ ಅನ್ನುವ ಲಾಡಿಹುಳುವಿನ ಮಾತ್ರೆಯನ್ನು ತೂಕಕ್ಕೆ ತಕ್ಕ ಹಾಗೆ ಪಶುವೈದ್ಯರ ಹತ್ತಿರ ಬರೆಸಿಕೊಳ್ಳಿ. ಹುಳು ಹೊಟ್ಟೆ ಸೇರಿ ಮೊಟ್ಟೆ ಹಾಕಲು ಸುಮಾರು ಆರು ವಾರ ಬೇಕು. ಅದಕ್ಕೇ ಮಂದೆಯ ನಾಯಿಗೆ ನಾನು ಆರು ವಾರಕ್ಕೊಮ್ಮೆ ಕೊಡುತ್ತೇನೆ. ನಾಯಿಯನ್ನು ಮುಟ್ಟಿದ ಕೈ ತೊಳೆಯದೆ ಊಟ ಮಾಡಬೇಡಿ, ಮಕ್ಕಳಿಗೆ ಇದನ್ನು ಅಭ್ಯಾಸ ಮಾಡಿಸಿ. ಕುರಿಗೆ ಹುಳುವಿಗೆ ಕೊಡುವ ಐವರ್ಮೆಕ್ಟಿನ್ ಸೂಜಿಯನ್ನು ಅಂದಾಜಿನಲ್ಲಿ ನಾಯಿಗೆ ಚುಚ್ಚಬೇಡಿ. ಅಳತೆ ತಪ್ಪಿದರೆ ನಡುಕ, ಕುರುಡು, ಸಾವು.

ಲಸಿಕೆ: ಆರರಿಂದ ಎಂಟನೇ ವಾರಕ್ಕೆ ಡಿಸ್ಟೆಂಪರ್, ಪಾರ್ವೋ ಅನ್ನುವ ಮಾರಕ ರೋಗಗಳಿಗೆ ಮೊದಲ ಸೂಜಿ. ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ಮತ್ತೆ ಮತ್ತೆ. ಮೂರು ತಿಂಗಳಿಗೆ ರೇಬೀಸ್, ವೈದ್ಯರು ಹೇಳಿದ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಚಳಿಗಾಲದಲ್ಲಿ ಮಂದೆ ತಗ್ಗಿಗೆ ಇಳಿದಾಗ ಊರನಾಯಿಗಳ ಜೊತೆ ಸೇರುತ್ತವೆ. ಆಗಲೇ ರೋಗ, ಉಣ್ಣಿ ಎರಡೂ ಹತ್ತುವುದು. ಆದ್ದರಿಂದ ಇಳಿಯುವ ಮೊದಲೇ ಸೂಜಿ ಮುಗಿಸಿ.

ಕಬ್ಬಿಣದ ಪಟ್ಟಿ

ಚಿರತೆ ನಾಯಿಯನ್ನು ಹಿಡಿಯುವುದು ಕುತ್ತಿಗೆಗೆ. ಅದಕ್ಕೇ ಇಲ್ಲಿನ ಕಮ್ಮಾರರು ಮುಳ್ಳುಗಳಿರುವ ಕಬ್ಬಿಣದ ಕೊರಳಪಟ್ಟಿ ಮಾಡುತ್ತಾರೆ. ನಮ್ಮ ಇನ್ನೊಂದು ನಾಯಿ ಮೋತಿಯ ಪಟ್ಟಿಯಲ್ಲಿ ಚಿರತೆ ಹಿಡಿದು ಎರಡು ಮುಳ್ಳು ಬಾಗಿವೆ. ಆ ರಾತ್ರಿ ಅವನ ಕಿವಿ ಹರಿದಿತ್ತು, ಕುತ್ತಿಗೆ ಉಳಿದಿತ್ತು.

ಪಟ್ಟಿ ಮಾಡಿಸುವಾಗ ಒಳಗೆ ಚರ್ಮ ಅಥವಾ ದಪ್ಪ ಉಣ್ಣೆ ಹೊಲಿಸಿ. ಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೆಳೆಯುವ ಮರಿಗೆ ಹಾಕಬೇಡಿ. ಕತ್ತಲಾಗುವ ಮೊದಲು ಕಟ್ಟಿ, ಬೆಳಿಗ್ಗೆ ತೆಗೆಯಿರಿ. ಹಗಲಲ್ಲಿ ಹಾಗೇ ಬಿಟ್ಟರೆ ಪಕ್ಕ ಮಲಗುವ ಕುರಿಮರಿಗೆ ಚುಚ್ಚುತ್ತದೆ. ವಾರಕ್ಕೊಮ್ಮೆ ಕೂದಲು ಬಿಡಿಸಿ ಹುಣ್ಣು ಇದೆಯಾ ನೋಡಿ, ಮಳೆಗಾಲದಲ್ಲಿ ಅಲ್ಲಿ ಹುಳು ಬೀಳುತ್ತದೆ.

ಕೂದಲು ಎರಡು ಪದರ. ಒಳಗೆ ಮೆತ್ತನೆಯದು, ಹೊರಗೆ ಒರಟು. ವಸಂತದಲ್ಲಿ ಒಳಗಿನದು ಗಂಟು ಗಂಟಾಗಿ ಉದುರುತ್ತದೆ, ಆಗ ಬಾಚಿ. ಸೆಕೆ ಅಂತ ಬೋಳಿಸಬೇಡಿ, ಬಿಸಿಲನ್ನು ತಡೆಯುವುದೂ ಅದೇ ಕೂದಲು.

ಬೆಂಗಳೂರಿಗೆ ಒಯ್ಯಬಹುದಾ?

ನನ್ನ ಉತ್ತರ: ಬೇಡ. ಸೆಕೆ ಒಂದು ಕಾರಣ, ಅದಕ್ಕಿಂತ ದೊಡ್ಡದು ರಾತ್ರಿ. ಈ ನಾಯಿ ರಾತ್ರಿ ಬೊಗಳುವುದಕ್ಕೆ ಹುಟ್ಟಿದ್ದು. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಸದ್ದೂ ಅದಕ್ಕೆ ಚಿರತೆಯೇ. ಹೊಸಬರು ಬಂದರೆ ಬಾಗಿಲಿಗೂ ಅವರಿಗೂ ನಡುವೆ ನಿಲ್ಲುತ್ತದೆ. ನಾಲ್ಕು ವರ್ಷದ ಹಿಂದೆ ನಮ್ಮ ಮೇಲಿನ ಡೇರೆಯಿಂದ ಒಂದು ಮರಿ ಪ್ರವಾಸಿಗರ ಕಾರಿನಲ್ಲಿ ಹೋಯಿತು. ವರ್ಷ ತುಂಬುವುದರೊಳಗೆ, ಯಾರಾದರೂ ವಾಪಸ್ ತಗೊಳ್ತೀರಾ ಅಂತ ಫೋನ್ ಬಂತು. ಇಷ್ಟರ ಮೇಲೆ ಮೇಲಿನ ಊರುಗಳಲ್ಲಿ ಬೇರೆ ಜಾತಿಯ ನಾಯಿ ಬೆರೆತು ಅಪ್ಪಟ ಮರಿ ಸಿಗುವುದೇ ಕಡಿಮೆಯಾಗುತ್ತಿದೆ. ಇರುವ ಮರಿಗಳು ಮಂದೆಗೆ ಬೇಕು.

ನಮ್ಮ ಕಡೆ ಕುರಿ ಸಾಕುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಾಯಿ ಗದ್ದಿಯದೇ ಆಗಬೇಕಿಲ್ಲ. ನಿಮ್ಮ ಮಂದೆಯ ಜೊತೆ ಈಗಾಗಲೇ ನಡೆಯುವ ನಾಯಿಯ ಮರಿಯನ್ನೇ ತೆಗೆದುಕೊಂಡು ಎಂಟರಿಂದ ಹದಿನಾರು ವಾರ ಹೀಗೇ ಬೆಳೆಸಿ. ಬಯಲುಸೀಮೆಯ ಬಿಸಿಲು, ಅಲ್ಲಿನ ತೋಳ ಎರಡೂ ಅದಕ್ಕೆ ಗೊತ್ತು.

ದಾರಿಯಲ್ಲಿ ಎದುರಾದರೆ

ಟ್ರೆಕ್ಕಿಂಗ್ ಬರುವವರಿಗೆ ಇದು. ಮಂದೆ ಕಂಡರೆ ಅಲ್ಲೇ ನಿಲ್ಲಿ. ಮಧ್ಯದಿಂದ ನಡೆಯಬೇಡಿ, ಕುರಿಮರಿ ಎತ್ತಿ ಫೋಟೋ ತೆಗೆಯಬೇಡಿ. ದೂರದಿಂದಲೇ ಕುರಿಗಾಹಿಯನ್ನು ಕೂಗಿ. ಅವರು ಯಾವ ಕಡೆ ಕೈ ತೋರಿಸುತ್ತಾರೋ ಆ ಕಡೆಯಿಂದ ದೊಡ್ಡ ಸುತ್ತು ಹಾಕಿ. ರಾತ್ರಿ ಡೇರೆಯ ಹತ್ತಿರ ಹೇಳದೆ ಹೋಗಲೇಬೇಡಿ. ನಿಮ್ಮ ನಾಯಿಯನ್ನು ಬೆಟ್ಟಕ್ಕೆ ತರಬೇಡಿ, ಮಂದೆಯ ನಾಯಿಯ ಲೆಕ್ಕದಲ್ಲಿ ಅದೂ ತೋಳವೇ.

ನಾಯಿ ಬೊಗಳುತ್ತಾ ಓಡಿ ಬಂದರೆ ಓಡಬೇಡಿ. ಕೋಲು ಎತ್ತಬೇಡಿ, ಕಲ್ಲಿಗೆ ಬಗ್ಗಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈ ಇಳಿಸಿ, ಮೈ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಿಲ್ಲಿ. ಮೆತ್ತಗೆ ಮಾತಾಡುತ್ತಾ ಇರಿ, ಕನ್ನಡದಲ್ಲೇ ಆಗಲಿ, ಅದಕ್ಕೆ ದನಿ ಮುಖ್ಯ. ಬಂದ ದಾರಿಯಲ್ಲೇ ಒಂದೊಂದು ಹೆಜ್ಜೆ ಹಿಂದಕ್ಕೆ ಇಡಿ. ಬಿಸ್ಕತ್ತು ಎಸೆಯಬೇಡಿ. ಒಂದು ವೇಳೆ ಹಲ್ಲು ತಾಗಿದರೆ, ಗೀರಿದ್ದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅವತ್ತೇ ಇಳಿದು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಶುರು ಮಾಡಿಸಿ.

ಹೆಚ್ಚಿನ ಸಲ ಅಲ್ಲಿಯವರೆಗೆ ಹೋಗುವುದಿಲ್ಲ. ಮೇಲಿನ ಬಂಡೆಯಿಂದ ಒಂದು ಶಿಳ್ಳೆ ಬರುತ್ತದೆ. ನಾಯಿ ಒಂದು ಸಲ ತಿರುಗಿ ನೋಡುತ್ತದೆ, ಇನ್ನೂ ಎರಡು ಸಲ ಬೊಗಳುತ್ತದೆ, ಆಮೇಲೆ ನಿಧಾನಕ್ಕೆ ಮಂದೆಯ ಕಡೆಗೆ ನಡೆಯುತ್ತದೆ. ಅದು ಕುರಿಗಳ ನಡುವೆ ಹೋಗಿ ಕೂತ ಮೇಲೆ ನೀವು ಹೊರಡಿ.